ಕಾಣದ ಕಣ್ಣು, ಕಲಿಸಿದ ಕೈ: ಗದಗದ ಪಂಚಾಕ್ಷರಿ ಗವಾಯಿ

ವ್ಯಾಪಾರಕ್ಕೆಂದು ಘಟ್ಟ ಹತ್ತಿ ಹೋದ ನಮ್ಮವರಿಗೆ ಲಿಂಗಸುಗೂರು, ಸಿಂಧನೂರು, ಮಸ್ಕಿ ಕಡೆ ಒಂದು ಫೋಟೋ ಪರಿಚಯ ಆಗಿಯೇ ಇರುತ್ತದೆ. ಖಾನಾವಳಿಯ ಗಲ್ಲಾಪೆಟ್ಟಿಗೆಯ ಮೇಲೆ, ಕಿರಾಣಿ ಅಂಗಡಿಯ ಗೋಡೆಯಲ್ಲಿ, ಕೆಲವೊಮ್ಮೆ ಬಸ್ಸಿನ ಡ್ರೈವರ್ ಸೀಟಿನ ಎದುರು. ಕಣ್ಣು ಕಾಣದ ಒಬ್ಬ ಸ್ವಾಮಿಗಳ ಫೋಟೋ ಅದು. ಯಾರು ಅಂತ ಕೇಳಿದರೆ, ಗದಗದ ಗವಾಯಿಗಳು ಅಂತ ಉತ್ತರ ಬರುತ್ತದೆ. ನಿಜ ಹೇಳಬೇಕೆಂದರೆ ಗದಗದ ಗವಾಯಿಗಳು ಒಬ್ಬರಲ್ಲ, ಇಬ್ಬರು. ಹೆಚ್ಚಿನ ಫೋಟೋಗಳಲ್ಲಿ ಇರುವವರು ಪುಟ್ಟರಾಜ ಗವಾಯಿ. ಅವರು 2010ರಲ್ಲಿ ತೀರಿಕೊಂಡರು, ಅವರನ್ನು ಕಣ್ಣಾರೆ ಕಂಡವರು ನಮ್ಮಲ್ಲೂ ಇದ್ದಾರೆ. ಅವರಿಗೆ ಗುರುವಾಗಿ, ಆ ಇಡೀ ದಾರಿಯನ್ನು ಕಡಿದವರು ಇನ್ನೊಬ್ಬರು, ಪಂಚಾಕ್ಷರಿ ಗವಾಯಿ. ಅವರು ತೀರಿಕೊಂಡು 80 ವರ್ಷ ದಾಟಿತು. ಈ ವಾರ ಅವರ ಬದುಕಿನ ಬಗ್ಗೆ ಬರೆಯುತ್ತಿದ್ದೇವೆ.

ಬ್ಯಾರಿಗಳ ಪುಟದಲ್ಲಿ ಗದಗದ ಸ್ವಾಮಿಗಳ ಕಥೆ ಯಾಕೆ ಅಂತ ಕೇಳುವವರು ಇರಬಹುದು. ಕಾರಣ ನಮ್ಮ ಮನೆಗಳಲ್ಲೇ ಉಂಟು. ಕಣ್ಣು ಕಾಣದ ಮಗು ಹುಟ್ಟಿದರೆ ಅಥವಾ ನಡುವಯಸ್ಸಿನಲ್ಲಿ ಯಾರದ್ದಾದರೂ ದೃಷ್ಟಿ ಹೋದರೆ ನಾವು ಏನು ಮಾಡುತ್ತೇವೆ? ಪ್ರೀತಿ ಮಾಡುತ್ತೇವೆ, ಅದರಲ್ಲಿ ಕಡಿಮೆ ಇಲ್ಲ. ಉಮ್ಮ ತುತ್ತು ಮಾಡಿ ಬಾಯಿಗಿಡುತ್ತಾಳೆ. ಅಣ್ಣ ಕೈಹಿಡಿದು ಪಳ್ಳಿಗೆ ಕರಕೊಂಡು ಹೋಗುತ್ತಾನೆ. ನೀನು ಕೂತ್ಕೋ, ನಾವು ಮಾಡ್ತೇವೆ ಅನ್ನುವುದೇ ಆ ಮನೆಯ ಮಾತು. ಹಾಗೆ ಕೂತವನು ಮೂವತ್ತು ವರ್ಷವಾದರೂ ಜಗಲಿಯಲ್ಲೇ ಕೂತಿರುತ್ತಾನೆ. ಒಂದು ಲೋಟ ಚಹಾ ತಾನೇ ಸುರಿದುಕೊಳ್ಳಲು ಅವನಿಗೆ ಬರುವುದಿಲ್ಲ. ಅವನಿಗೆ ಸಾಧ್ಯವಿಲ್ಲ ಅಂತಲ್ಲ, ಯಾರೂ ಮಾಡಲು ಬಿಡಲಿಲ್ಲ. ಮನೆಯಲ್ಲಿ ಬಡತನ ಇದ್ದರೆ ಶುಕ್ರವಾರ ಪಳ್ಳಿಯ ಗೇಟಿನ ಹತ್ತಿರ ನಿಲ್ಲುತ್ತಾನೆ. ನಾವು ಕೈಗೆ ಹತ್ತು ರೂಪಾಯಿ ಇಟ್ಟು, ಸದಕ ಆಯಿತು ಅಂತ ಸಮಾಧಾನದಲ್ಲಿ ಹೋಗುತ್ತೇವೆ.

ನಮ್ಮ ದೀನ್ ತೋರಿಸಿದ ದಾರಿಯಂತೂ ಇದಲ್ಲ. ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅವರ ಹೆಸರನ್ನು ಮದ್ರಸಕ್ಕೆ ಹೋದ ಮಕ್ಕಳೆಲ್ಲ ಕೇಳಿದ್ದಾರೆ. ಕಣ್ಣು ಕಾಣದ ಸಹಾಬಿ, ಖದೀಜಾ ಬೀವಿಯ ಸಂಬಂಧಿ. ಸೂರ ಅಬಸ ಅವತರಿಸಿದ್ದು ಅವರ ಸಂದರ್ಭದಲ್ಲಿ. ಆದರೆ ನಮ್ಮ ವಅಝ್‌ಗಳಲ್ಲಿ ಕಥೆ ಹೆಚ್ಚಾಗಿ ಅಲ್ಲಿಗೇ ನಿಲ್ಲುತ್ತದೆ. ಅದರ ನಂತರದ್ದು ನೋಡಿ. ಮದೀನಾದಲ್ಲಿ ಅವರು ಮುಅಝ್ಝಿನ್ ಆದರು. ರಮಝಾನ್ ತಿಂಗಳಲ್ಲಿ ಬಿಲಾಲರ ಬಾಂಗ್ ಕೇಳಿದ ಮೇಲೂ ಸಹರಿ ಉಣ್ಣಬಹುದಿತ್ತು, ಊಟ ನಿಲ್ಲಿಸಬೇಕಾದದ್ದು ಇಬ್ನು ಉಮ್ಮಿ ಮಕ್ತೂಮರ ಬಾಂಗ್ ಕೇಳಿದಾಗ. ಊರಿಗೆ ಊರೇ ಕಣ್ಣಿಲ್ಲದವರೊಬ್ಬರ ದನಿಯ ಮೇಲೆ ಉಪವಾಸ ಶುರು ಮಾಡುತ್ತಿತ್ತು. ಪ್ರವಾದಿ(ಸ) ಊರಿನಿಂದ ಹೊರಗೆ ಹೋಗುವಾಗ ಹಲವು ಬಾರಿ ಮದೀನಾದ ಹೊಣೆಯನ್ನು, ನಮಾಝಿನ ಇಮಾಮತ್ತನ್ನು ಅವರಿಗೆ ವಹಿಸಿ ಹೋದರು. ಕೈಹಿಡಿದು ಕರೆತರುವವರು ಸರಿಯಾಗಿ ಸಿಗುವುದಿಲ್ಲ, ಮನೆಯಲ್ಲೇ ನಮಾಝ್ ಮಾಡಲೇ ಅಂತ ಅವರು ಅನುಮತಿ ಕೇಳಿದ ಹದೀಸ್ ಕೂಡ ಉಂಟು. ಬಾಂಗ್ ಕೇಳಿಸುತ್ತದೋ ಅಂತ ಮರುಪ್ರಶ್ನೆ ಬಂತು. ಹೌದು ಅಂದಾಗ, ಹಾಗಾದರೆ ಬರಬೇಕು ಅಂತ ಉತ್ತರ. ಮೇಲ್ನೋಟಕ್ಕೆ ಕಠಿಣ ಅನ್ನಿಸುವ ಈ ಮಾತು ನಮಗೆ ದೊಡ್ಡ ಗೌರವವಾಗಿ ಕಾಣುತ್ತದೆ. ಎಲ್ಲರಂತೆ ಅವರೂ ಸಫ್‌ನಲ್ಲಿ ಬೇಕಾದವರು ಎಂಬ ಲೆಕ್ಕ ಅಲ್ಲಿತ್ತು.

ಇದೇ ಲೆಕ್ಕವನ್ನು ಬೇರೊಂದು ಧರ್ಮದ, ಬೇರೊಂದು ಸೀಮೆಯ ಜನ ತಮ್ಮ ರೀತಿಯಲ್ಲಿ ಹಾಕಿ ತೋರಿಸಿದ ಕಥೆ ಪಂಚಾಕ್ಷರಿ ಗವಾಯಿಗಳದ್ದು.

ಅವರು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ಹತ್ತಿರದ ಕಾಡಶೆಟ್ಟಿಹಳ್ಳಿಯಲ್ಲಿ. ಈಗ ಅದು ಹಾವೇರಿ ಜಿಲ್ಲೆ, ಆಗ ಧಾರವಾಡ ಜಿಲ್ಲೆ, ಮುಂಬೈ ಪ್ರಾಂತ್ಯ. ತಂದೆ ಗುರುಪಾದಯ್ಯ, ತಾಯಿ ನೀಲಮ್ಮ. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟುವಾಗಲೇ ಕಣ್ಣಿಲ್ಲ. ಅವನಿಗಿಂತ ದೊಡ್ಡವನಾದ ಅಣ್ಣನಿಗೂ ಕಣ್ಣಿಲ್ಲ. ಬಡ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಇಬ್ಬರಿಗೂ ದೃಷ್ಟಿ ಇಲ್ಲ ಅಂದರೆ ಆ ತಂದೆತಾಯಿಯ ರಾತ್ರಿಗಳು ಹೇಗಿದ್ದವೋ.

ಆ ಕಾಲದಲ್ಲಿ ಹಳ್ಳಿಯ ಅಂಧ ಹುಡುಗನಿಗೆ ಇದ್ದ ದಾರಿ ಒಂದೇ. ನಾಲ್ಕು ಪದ ಕಲಿತು, ಮನೆಬಾಗಿಲಿಗೆ ಹೋಗಿ ಹಾಡಿ, ಜೋಳಿಗೆ ಒಡ್ಡುವುದು. ಶಾಲೆ ಅನ್ನುವುದು ದೂರದ ಮಾತು. ಅಮೃತಸರದಲ್ಲಿ ಅಂಧರ ಶಾಲೆ ಶುರುವಾದದ್ದೇ 1887ರಲ್ಲಿ, ಅದೂ ಮಿಶನರಿ ಹೆಂಗಸೊಬ್ಬರಿಂದ. ನಮ್ಮ ಮೈಸೂರಿನಲ್ಲಿ ಕಿವುಡರ ಮತ್ತು ಅಂಧರ ಶಾಲೆ ಆದದ್ದು 1901ರಲ್ಲಿ. ಹಾನಗಲ್ಲ ಸೀಮೆಯ ಹಳ್ಳಿಗೆ ಈ ಸುದ್ದಿ ಮುಟ್ಟುವುದೂ ಕಷ್ಟ. ಕನ್ನಡದ ಬ್ರೈಲ್ ಲಿಪಿ ವ್ಯವಸ್ಥೆಗೆ ಬರಲು ಇನ್ನೂ ಅರ್ಧ ಶತಮಾನ ಬಾಕಿ ಇತ್ತು. ಅಂಧರ ಗುರುತಾದ ಬಿಳಿ ಕೋಲು ಕೂಡ ಇನ್ನೂ ಹುಟ್ಟಿರಲಿಲ್ಲ.

ಅಣ್ಣತಮ್ಮಂದಿರಿಗೆ ಕಂಠ ಚೆನ್ನಾಗಿತ್ತು. ಆ ದನಿ ಹಾನಗಲ್ಲಿನ ಕುಮಾರ ಸ್ವಾಮಿಗಳ ಕಿವಿಗೆ ಬಿತ್ತು. ಇವರು ಆ ಕಾಲದ ದೊಡ್ಡ ಹೆಸರು. 1904ರಲ್ಲಿ ವೀರಶೈವ ಮಹಾಸಭೆ ಕಟ್ಟಿದವರು, 1909ರಲ್ಲಿ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರ ಸ್ಥಾಪಿಸಿದವರು. ಅವರ ಮುಂದೆ ಎರಡು ದಾರಿ ಇತ್ತು. ಹುಡುಗರ ಕೈಗೆ ಏನಾದರೂ ಕೊಟ್ಟು, ಮಠದಲ್ಲಿ ಊಟಕ್ಕೆ ಹೇಳಿ ಕಳಿಸಬಹುದಿತ್ತು. ಅದು ಸುಲಭದ ದಾರಿ, ಪುಣ್ಯವೂ ಬರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಈ ಮಕ್ಕಳಿಗೆ ಒಂದು ವಿದ್ಯೆ ಪೂರ್ತಿಯಾಗಿ ಕಲಿಸಬೇಕು, ಅರೆಬರೆ ಅಲ್ಲ, ಕಣ್ಣಿದ್ದವರ ಸಮಕ್ಕೆ ನಿಲ್ಲುವ ಹಾಗೆ ಅಂತ ತೀರ್ಮಾನಿಸಿದರು. ಈ ತೀರ್ಮಾನವೇ ಇಡೀ ಕಥೆಯ ಬೇರು ಅಂತ ನಮಗೆ ಅನ್ನಿಸುತ್ತದೆ. ಮುಂದೆ ಈ ದಾರಿಯಲ್ಲಿ ಬಹಳ ದೂರ ನಡೆದವನು ತಮ್ಮ ಗದಿಗೆಯ್ಯ.

ಸಂಗೀತ ಕಲಿಯಲು ಅವನನ್ನು ಮೈಸೂರಿಗೆ ಕಳಿಸಲಾಯಿತು. ಎಲ್ಲಿಯ ಹಾನಗಲ್ಲು, ಎಲ್ಲಿಯ ಮೈಸೂರು! ರಾಜ್ಯವೇ ಬೇರೆ, ಮಾತಿನ ಧಾಟಿ ಬೇರೆ, ಊಟ ಬೇರೆ. ಕಣ್ಣು ಕಾಣದ ಹುಡುಗನನ್ನು ಅಷ್ಟು ದೂರ ಕಳಿಸಲು ಇಂದಿಗೂ ನಮ್ಮ ಮನೆಗಳಲ್ಲಿ ಎಷ್ಟು ಜನ ಒಪ್ಪುತ್ತಾರೆ? ಅಲ್ಲಿ ಅವನು ಕರ್ನಾಟಕ ಸಂಗೀತ ಕಲಿತ.

ಕಣ್ಣಿಲ್ಲದವನಿಗೆ ಸಂಗೀತ ದೇವರು ಕೊಟ್ಟ ವರ, ತಾನಾಗಿ ಬಂದುಬಿಡುತ್ತದೆ ಅಂತ ಜನ ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಕಣ್ಣಿದ್ದವನು ಗುರುವಿನ ಬಾಯಿ ನೋಡುತ್ತಾನೆ, ಬೆರಳು ನೋಡುತ್ತಾನೆ, ಮರೆತರೆ ಪುಸ್ತಕ ತೆರೆಯುತ್ತಾನೆ. ಇವನಿಗೆ ಇದ್ದದ್ದು ಕಿವಿ ಮತ್ತು ನೆನಪು. ತಾಳವನ್ನು ತೊಡೆಯ ಮೇಲೆ ತಟ್ಟಿ ಎಣಿಸಬೇಕು. ಹಾರ್ಮೋನಿಯಮ್‌ನ ಕಪ್ಪು ಮನೆ, ಬಿಳಿ ಮನೆ ಎಲ್ಲವನ್ನೂ ಬೆರಳತುದಿಯಲ್ಲಿ ಗುರುತಿಟ್ಟುಕೊಳ್ಳಬೇಕು. ತಂಬೂರಿಯ ತಂತಿ ಒಂದು ಕೂದಲೆಳೆ ಸಡಿಲವಾದರೂ ಗೊತ್ತಾಗಬೇಕು. ನಮ್ಮ ಹಾಫಿಝ್ ಮಕ್ಕಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಸಬಕ್ ಕೇಳು, ಹೇಳು, ತಪ್ಪಿದರೆ ಮತ್ತೆ ಹೇಳು, ನಾಳೆ ಇವತ್ತಿನದ್ದೂ ಸೇರಿಸಿ ಒಪ್ಪಿಸು. ಲೋಕದಲ್ಲಿ ಕಣ್ಣಿಲ್ಲದ ಹಾಫಿಝ್‌ಗಳು ಅಷ್ಟು ಮಂದಿ ಇರುವುದು ಇದೇ ಕಾರಣಕ್ಕೆ. ಕಿವಿಯಿಂದ ಕಲಿಯುವ ವಿದ್ಯೆಯಲ್ಲಿ ದುಡಿಮೆ ಇದ್ದರೆ ಅವರು ಯಾರಿಗೂ ಹಿಂದೆ ಬೀಳುವುದಿಲ್ಲ.

ಮೈಸೂರಿನ ಸಂಗೀತ ಕಲಿತು ಬಂದವರು ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಅವರು ಬಾಳಬೇಕಾದ ಧಾರವಾಡ ಸೀಮೆಯ ಗಾಳಿ ಆಗ ಹಿಂದೂಸ್ತಾನಿ ಕಡೆ ತಿರುಗಿತ್ತು. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆ ಮಾಡಿದ್ದರು, ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಹೀಗಾಗಿ ಗದಿಗೆಯ್ಯ ಮತ್ತೆ ಮೊದಲಿನಿಂದ ವಿದ್ಯಾರ್ಥಿಯಾದರು. ಗ್ವಾಲಿಯರ್ ಪದ್ಧತಿಯನ್ನು ಮಿರಜಿನ ನೀಲಕಂಠಬುವಾ ಅವರಲ್ಲಿ ಕಲಿತರು. ಮಲ್ಲಿಕಾರ್ಜುನ ಮನ್ಸೂರರ ಗುರು ಕೂಡ ಇವರೇ. ಕಿರಾನಾ ಪದ್ಧತಿಯನ್ನು ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಕಲಿತರು.

ಈ ವಹೀದ್ ಖಾನರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವರು ಕರೀಂ ಖಾನರ ಸಂಬಂಧಿ, ಉತ್ತರ ಭಾರತದ ಕಿರಾನಾ ಊರಿನ ಮನೆತನದವರು. ಹೀರಾಬಾಯಿ ಬಡೋದೇಕರ್ ಅವರ ಗುರು. ಸಂಗೀತದವರು ಅವರನ್ನು ಕರೆಯುತ್ತಿದ್ದದ್ದು ಬಹರೇ ವಹೀದ್ ಖಾನ್ ಅಂತ. ಬಹರೇ ಅಂದರೆ ಕಿವುಡ. ಅವರಿಗೆ ಕಿವಿ ಮಂದವಾಗಿತ್ತು! ಕಿವಿ ಮಂದವಾದ ಮುಸ್ಲಿಂ ಉಸ್ತಾದ್, ಕಣ್ಣಿಲ್ಲದ ಲಿಂಗಾಯತ ಶಿಷ್ಯ, ನಡುವೆ ಒಂದು ತಂಬೂರಿ. ಒಂದೇ ರಾಗವನ್ನು ಗಂಟೆಗಟ್ಟಲೆ ನಿಧಾನವಾಗಿ, ಒಂದೊಂದು ಸ್ವರವನ್ನೂ ಬೆಳೆಸುತ್ತಾ ಹಾಡುವುದರಲ್ಲಿ ವಹೀದ್ ಖಾನರು ಪ್ರಸಿದ್ಧರು. ಅಂಥವರಿಗೆ ಅವಸರ ಇಲ್ಲದ ಶಿಷ್ಯನೇ ಬೇಕು.

ಸಂಗೀತದ ವಿಚಾರದಲ್ಲಿ ನಮ್ಮ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇರುವುದು ಗೊತ್ತಿದ್ದದ್ದೇ. ಆ ಚರ್ಚೆಗೆ ಇದು ಜಾಗವಲ್ಲ. ನಾವು ಇಲ್ಲಿ ನೋಡುತ್ತಿರುವುದು ಒಬ್ಬ ಅಂಧನ ಕೈಗೆ ಒಂದು ಕಸುಬು ಹೇಗೆ ಬಂತು, ಅದನ್ನು ಅವರು ಏನು ಮಾಡಿದರು ಎಂಬುದನ್ನು.

ಏನು ಮಾಡಿದರು? ಎರಡೂ ಪದ್ಧತಿಯ ಸಂಗೀತ ಬಲ್ಲವರು ಇಡೀ ನಾಡಿನಲ್ಲಿ ಬೆರಳೆಣಿಕೆ. ಅದಕ್ಕೇ ಉಭಯಗಾಯನ ವಿಶಾರದ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. ಯಾವುದಾದರೂ ಸಂಸ್ಥಾನದ ಆಸ್ಥಾನಕ್ಕೆ ಸೇರಿಕೊಂಡಿದ್ದರೆ ಶಾಲು, ಸಂಬಳ, ಮನೆ ಎಲ್ಲ ಸಿಗುತ್ತಿತ್ತು. ಆ ಕಡೆ ಅವರು ಹೋಗಲಿಲ್ಲ. ಕುಮಾರ ಸ್ವಾಮಿಗಳು ಗದಿಗೆಯ್ಯ ಎಂಬ ಹೆಸರು ತೆಗೆದು ಪಂಚಾಕ್ಷರಿ ಅಂತ ಇಟ್ಟರು, ಜೊತೆಗೆ ಒಂದು ಹೊಣೆಯನ್ನೂ ಕೊಟ್ಟರು. ನಿನ್ನ ಹಾಗೆ ಕಣ್ಣಿಲ್ಲದ, ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿ ಕಲಿಸಬೇಕು ಎಂಬ ಹೊಣೆ. ಅವರು ಮದುವೆಯಾಗಲಿಲ್ಲ. ಉಳಿದ ಆಯುಷ್ಯವೆಲ್ಲ ಈ ಕೆಲಸಕ್ಕೇ ಹೋಯಿತು.

ಶಾಲೆ ಅಂದರೆ ಕಟ್ಟಡ ಅಂತ ನಾವು ತಿಳಿಯುತ್ತೇವೆ. ಗವಾಯಿಗಳ ಶಾಲೆಗೆ ಕಟ್ಟಡವೇ ಇರಲಿಲ್ಲ, ಅದು ನಡೆದಾಡುವ ಶಾಲೆ. ಸಂಚಾರಿ ಪಾಠಶಾಲೆ. ತಂಬೂರಿ, ತಬಲಾ, ಪೆಟ್ಟಿಗೆ, ಪಾತ್ರೆ ಪಡಗ, ಜೊತೆಗೆ ಮಕ್ಕಳ ದಂಡು. ಇವತ್ತು ಒಂದು ಊರಿನ ಗುಡಿ, ನಾಳೆ ಇನ್ನೊಂದು ಊರಿನ ಮಠ. ಊರವರು ಜೋಳ, ಬೇಳೆ ಕೊಟ್ಟರೆ ಅಲ್ಲೇ ಅಡುಗೆ, ಅಲ್ಲೇ ಪಾಠ. ರಾತ್ರಿ ಊರವರಿಗೆ ಹಾಡು.

ನಮ್ಮ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಳೆಯ ಪಳ್ಳಿ ದರ್ಸ್ ಹೀಗೆಯೇ ನಡೆಯುತ್ತಿತ್ತಲ್ಲ? ಮುತಅಲ್ಲಿಮ್ ಮಕ್ಕಳಿಗೆ ವಾಸ ಪಳ್ಳಿಯಲ್ಲಿ, ಊಟ ಜಮಾಅತ್ತಿನ ಒಂದೊಂದು ಮನೆಯಲ್ಲಿ. ಬಡವರ ಮನೆಯವರೂ ಒಬ್ಬ ಮಗುವಿನ ಪಾಲಿನ ಅನ್ನವನ್ನು ತೆಗೆದಿಡುತ್ತಿದ್ದರು. ಆ ಅನ್ನವನ್ನು ಯಾರೂ ಭಿಕ್ಷೆ ಅಂತ ಕರೆದದ್ದಿಲ್ಲ, ಓದುವ ಮಗುವಿನ ಹಕ್ಕು ಅಂತಲೇ ಬಡಿಸುತ್ತಿದ್ದರು. ಗವಾಯಿಗಳ ದಂಡಿಗೆ ಉತ್ತರ ಕರ್ನಾಟಕದ ಹಳ್ಳಿಗಳು ಹಾಕಿದ ಜೋಳದ ರೊಟ್ಟಿಯೂ ಅಂಥದ್ದೇ. ಅಂಧ ಹುಡುಗ ಮನೆಬಾಗಿಲಲ್ಲಿ ಒಬ್ಬನೇ ನಿಂತರೆ ಕೈಯೊಡ್ಡುವವ. ಅದೇ ಹುಡುಗ ಗುರುವಿನ ಜೊತೆ ಪಾಠಶಾಲೆಯವನಾಗಿ ಬಂದರೆ ಊರಿಗೆ ಮರ್ಯಾದೆಯ ಅತಿಥಿ. ಇಷ್ಟು ವ್ಯತ್ಯಾಸ ಮಾಡಿಕೊಟ್ಟದ್ದೇ ಗವಾಯಿಗಳ ದೊಡ್ಡ ಕೆಲಸ.

ಕಷ್ಟ ಕಡಿಮೆ ಇರಲಿಲ್ಲ ಮಾರಾಯ್ರೆ. ಮಳೆ ಹೋದ ವರ್ಷ ಊರವರಿಗೇ ಊಟಕ್ಕಿಲ್ಲ, ಇನ್ನು ದಂಡಿಗೆ ಎಲ್ಲಿಂದ? 1930ರಲ್ಲಿ ಕುಮಾರ ಸ್ವಾಮಿಗಳು ತೀರಿಕೊಂಡರು. ಅಲ್ಲಿಯ ತನಕ ಬೆನ್ನ ಹಿಂದೆ ಇದ್ದ ಗೋಡೆ ಬಿದ್ದ ಹಾಗಾಯಿತು. ಗುರು ಹೋದ ಮೇಲೆ ಶಾಲೆ ಮುಚ್ಚಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಅವರು ಮುಚ್ಚಲಿಲ್ಲ, ನಾಟಕ ಕಂಪೆನಿ ಕಟ್ಟಿದರು. ಆಗ ಉತ್ತರ ಕರ್ನಾಟಕದಲ್ಲಿ ನಾಟಕವೆಂದರೆ ಜನ ಗಾಡಿ ಕಟ್ಟಿಕೊಂಡು ಬರುವ ಕಾಲ. ಮಕ್ಕಳು ಕಲಿತ ಸಂಗೀತವನ್ನೇ ಬಂಡವಾಳ ಮಾಡಿಕೊಂಡು, ಗುರುವಿನ ಹೆಸರಿನಲ್ಲೇ ಕಂಪೆನಿ ನಡೆಸಿ, ಟಿಕೆಟಿನ ದುಡ್ಡಿನಲ್ಲಿ ಮಕ್ಕಳ ಹೊಟ್ಟೆ ತುಂಬಿಸುವ ಲೆಕ್ಕ. ದೃಷ್ಟಿ ಇಲ್ಲದವರೊಬ್ಬರು ಪರದೆ, ವೇಷ, ದೀಪ ಎಲ್ಲ ಕಣ್ಣಿಗೇ ಸಂಬಂಧಿಸಿದ ಒಂದು ವ್ಯಾಪಾರಕ್ಕೆ ಇಳಿದದ್ದು ಸಣ್ಣ ಧೈರ್ಯವಲ್ಲ. ವ್ಯಾಪಾರಿ ಸಮುದಾಯವಾದ ನಮಗೆ ಇದು ಬೇಗ ಅರ್ಥವಾಗಬೇಕು.

ಅವರು ಕಲಿಸಿದ್ದು ಅಂಧರಿಗೆ ಮಾತ್ರ ಅಲ್ಲ ಎಂಬುದನ್ನು ಮುಖ್ಯವಾಗಿ ಹೇಳಬೇಕು. ಕಣ್ಣಿದ್ದ ಮಕ್ಕಳೂ ಅದೇ ದಂಡಿನಲ್ಲಿದ್ದರು, ಒಟ್ಟಿಗೇ ಊಟ, ಒಟ್ಟಿಗೇ ಅಭ್ಯಾಸ. ಯಲಿವಾಳದ ಬಸವರಾಜ ರಾಜಗುರು ಹಾಗೆ ಬಂದ ಹುಡುಗ. ಹುಟ್ಟಿದ್ದು 1917ರಲ್ಲಿ. ಹದಿಮೂರರ ಆಸುಪಾಸಿನಲ್ಲಿ ಗವಾಯಿಗಳ ಕೈಗೆ ಬಂದವರು ಮುಂದೆ ಹಿಂದೂಸ್ತಾನಿ ಸಂಗೀತದ ದೊಡ್ಡ ಹೆಸರಾದರು. 1936ರಲ್ಲಿ ಹಂಪಿಯಲ್ಲಿ ವಿಜಯನಗರ ಸಾಮ್ರಾಜ್ಯದ 600ನೇ ವರ್ಷದ ಉತ್ಸವ ನಡೆಯಿತು. ಆ ಸಭೆಯಲ್ಲಿ ರಾಜಗುರು ಮೊದಲ ಬಾರಿಗೆ ದೊಡ್ಡ ಕಛೇರಿ ಮಾಡಿದರು, ವಯಸ್ಸು ಇನ್ನೂ ಇಪ್ಪತ್ತು ತುಂಬಿಲ್ಲ. ಪಕ್ಕದಲ್ಲಿ ತಬಲಾ ಹಿಡಿದು ಕೂತದ್ದು ಬೇರೆ ಯಾರೂ ಅಲ್ಲ, ಸ್ವತಃ ಪಂಚಾಕ್ಷರಿ ಗವಾಯಿ. ಶಿಷ್ಯನ ಹಾಡಿಗೆ ಗುರು ತಬಲಾ ಸಾಥ್ ಕೊಡುವುದು ಆ ಕಾಲದ ಮಾನ ಮರ್ಯಾದೆಯ ಲೆಕ್ಕದಲ್ಲಿ ಕೇಳದ ಮಾತು. ಕಲಿಸಿದ ಹುಡುಗ ಎದ್ದು ನಿಲ್ಲಬೇಕು, ಅಷ್ಟೇ ಅವರಿಗೆ ಬೇಕಾದದ್ದು.

ಈ ರಾಯಚೂರು ಸೀಮೆಗೂ ಅವರ ಶಾಲೆಯ ಬೇರು ಹರಿದಿದೆ. ಜಂಬಲದಿನ್ನಿಯ ಸಿದ್ಧರಾಮ ಎಂಬ ಹುಡುಗ ಇಲ್ಲಿಂದ ಹೋಗಿ ಗವಾಯಿಗಳ ಶಿಷ್ಯನಾದ. ಆಗ ಲಿಂಗಸುಗೂರು, ಸಿಂಧನೂರು, ರಾಯಚೂರು ಎಲ್ಲ ಹೈದರಾಬಾದ್ ನಿಜಾಮರ ರಾಜ್ಯ. ಧಾರವಾಡ, ಗದಗ ಬ್ರಿಟಿಷರದ್ದು. ಕಚೇರಿಯಲ್ಲಿ ಉರ್ದು, ಮನೆಯಲ್ಲಿ ಕನ್ನಡ ಇದ್ದ ನಾಡಿನಿಂದ ಗಡಿ ದಾಟಿ ಹೋದ ಸಿದ್ಧರಾಮ ಜಂಬಲದಿನ್ನಿ, ವಚನ ಹಾಡುವುದರಲ್ಲಿ ಕರ್ನಾಟಕಕ್ಕೇ ಹೆಸರಾದರು. ರಾಯಚೂರಿನ ರಂಗಮಂದಿರಕ್ಕೆ ಇಟ್ಟಿರುವುದು ಅವರದ್ದೇ ಹೆಸರು.

ಲಿಂಗಸುಗೂರಿನ ಮಾತು ಬಂದದ್ದಕ್ಕೆ ಇನ್ನೊಬ್ಬರ ನೆನಪು. 1905ರ ತನಕ ಲಿಂಗಸುಗೂರು ತಾನೇ ಒಂದು ಜಿಲ್ಲೆಯಾಗಿತ್ತು. ಅದಕ್ಕೂ ಮುಂಚೆ, 1858ರ ನಂತರದ ಎರಡು ವರ್ಷ ಈ ದೋಆಬ್ ಸೀಮೆಯ ಅಧಿಕಾರಿಯಾಗಿದ್ದವರು ಮೆಡೋಸ್ ಟೇಲರ್. ಸುರಪುರದವರು ಇಂದಿಗೂ ನೆನೆಯುವ ಇಂಗ್ಲಿಷ್ ಸಾಹೇಬ. ಟಿಪ್ಪು ಸುಲ್ತಾನರ ಮೇಲೆ, ಚಾಂದ್ ಬೀವಿಯ ಮೇಲೆ ಕಾದಂಬರಿ ಬರೆದವರು. 1875ರಲ್ಲಿ, ಮುಪ್ಪಿನಲ್ಲಿ, ಅವರ ಕಣ್ಣೂ ಹೋಯಿತು. ಮರುವರ್ಷ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರ ಆತ್ಮಕತೆಯನ್ನು ಮಗಳು ತಿದ್ದಿ ಹೊರತಂದಳು. ಅವರ ಬಳಿ ಪೆನ್ಶನ್ ಇತ್ತು, ಓದಿದ ಮಗಳಿದ್ದಳು, ಕಣ್ಣು ಹೋಗುವ ಮೊದಲೇ ಗಳಿಸಿದ ಹೆಸರಿತ್ತು. ಕಾಡಶೆಟ್ಟಿಹಳ್ಳಿಯ ಹುಡುಗನ ಬಳಿ ಇದರಲ್ಲಿ ಒಂದೂ ಇರಲಿಲ್ಲ. ಕಣ್ಣು ಹೋದ ಮೇಲೆ ಮನುಷ್ಯನ ಗತಿ ಏನು ಎಂಬುದು ಅವನ ಸುತ್ತ ಏನಿದೆ, ಯಾರಿದ್ದಾರೆ ಎಂಬುದರ ಮೇಲೆ ನಿಂತಿದೆ. ಗವಾಯಿಗಳು ಮಾಡಿದ್ದು, ಏನೂ ಇಲ್ಲದವರ ಸುತ್ತ ಆ ಏನನ್ನೋ ಕಟ್ಟಿಕೊಟ್ಟದ್ದು.

ಅವರ ಶಿಷ್ಯರಲ್ಲಿ ಪುಟ್ಟರಾಜರ ಕಥೆ ಬೇರೆಯೇ. 1914ರಲ್ಲಿ ಹಾನಗಲ್ಲ ತಾಲೂಕಿನಲ್ಲೇ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳೆದುಕೊಂಡ ಮಗು. ಸೋದರಮಾವ ಸಾಕಿದರು. ಮಾವನ ಹಾರ್ಮೋನಿಯಮ್ ಮೇಲೆ ಬೆರಳಾಡಿಸುತ್ತಾ ಇದ್ದ ಹುಡುಗ ಗವಾಯಿಗಳ ಬಳಿ ಬಂದ. ಗುರು ತಾವು ಬಲ್ಲದ್ದನ್ನೆಲ್ಲ ಅವನಿಗೆ ಸುರಿದರು. ಹಾಡು, ಹಾರ್ಮೋನಿಯಮ್, ತಬಲಾ, ಸಾರಂಗಿ, ಪಿಟೀಲು ಯಾವುದನ್ನೂ ಬಿಡಲಿಲ್ಲ. ಜೊತೆಗೆ ಸಂಸ್ಕೃತ. ನಾಟಕ ಕಂಪೆನಿಗೆ ನಾಟಕ ಬರೆಯುವುದೂ ಮುಂದೆ ಪುಟ್ಟರಾಜರ ಪಾಲಿಗೇ ಬಂತು.

ಅಲೆದಾಡುವ ಶಾಲೆ ಕೊನೆಗೆ ಗದಗದಲ್ಲಿ ನೆಲೆ ಕಂಡಿತು. ಬಸರಿಗಿಡದ ವೀರಪ್ಪ ಎಂಬ ದಾನಿ ಜಾಗ ಒದಗಿಸಿದರು, ಅವರ ನೆನಪಿಗೆ ವೀರೇಶ್ವರ ಪುಣ್ಯಾಶ್ರಮ ಅಂತ ಹೆಸರಾಯಿತು. ಕೊಟ್ಟವರ ಹೆಸರು ಬಾಗಿಲ ಮೇಲೆ, ಕಟ್ಟಿದವರ ಹೆಸರು ಒಳಗೆ. ಆದರೆ ಈ ನೆಲೆಯಲ್ಲಿ ಹೆಚ್ಚು ದಿನ ಇರುವ ಭಾಗ್ಯ ಗವಾಯಿಗಳಿಗೆ ಇರಲಿಲ್ಲ. 1944ರಲ್ಲಿ ತೀರಿಕೊಂಡರು. ವಯಸ್ಸು 52.

ಪುಟ್ಟರಾಜರಿಗೆ ಆಗ 30. ಶಾಲೆ, ಕಂಪೆನಿ, ಮಕ್ಕಳು, ಮೂರೂ ಒಬ್ಬ ಅಂಧರ ಕೈಯಿಂದ ಇನ್ನೊಬ್ಬ ಅಂಧರ ಕೈಗೆ ಹೋಯಿತು. ಉಸ್ತುವಾರಿಗೆ ಕಣ್ಣಿದ್ದವರು ಬೇಕಲ್ಲವೇ ಎಂಬ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ.

ಇಲ್ಲಿ ನಮ್ಮ ಒಂದು ತಕರಾರನ್ನೂ ಹೇಳಿಬಿಡುತ್ತೇವೆ. ಗದಗದ ಕೀರ್ತಿ ಹರಡಿದ ಮೇಲೆ ಅಂಧ ಅಂದ ಕೂಡಲೇ ಸಂಗೀತ ಎಂಬ ರೂಢಿ ನಾಡಿನಲ್ಲಿ ಗಟ್ಟಿಯಾಯಿತು. ಹಾಡಲು ಬಾರದ, ಹಾಡುವ ಮನಸ್ಸೇ ಇಲ್ಲದ ಅಂಧ ಮಗು ಎಲ್ಲಿಗೆ ಹೋಗಬೇಕು? ಗವಾಯಿಗಳ ಕಾಲದಲ್ಲಿ ಬೇರೆ ಕಸುಬು ಕಷ್ಟವಿತ್ತು, ಅದನ್ನು ಅವರ ತಪ್ಪು ಅನ್ನಲಾಗದು. ಈಗ ಹಾಗಲ್ಲ. ಪರದೆಯ ಮೇಲಿನದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಮೊಬೈಲಿನಲ್ಲೇ ಉಂಟು. ಕಣ್ಣಿಲ್ಲದವರು ಬ್ಯಾಂಕಿನಲ್ಲಿದ್ದಾರೆ, ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾರೆ, ಕೋರ್ಟಿನಲ್ಲಿ ವಾದಿಸುತ್ತಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸರಕಾರಿ ಕೆಲಸಕ್ಕೆ ಶೇ. 4, ಉನ್ನತ ಶಿಕ್ಷಣದ ಸೀಟಿಗೆ ಶೇ. 5 ಮೀಸಲು ಇದೆ. ಇನ್ನೊಂದು, ಗವಾಯಿಗಳ ಶಿಷ್ಯರಲ್ಲಿ ನಾವು ಇಲ್ಲಿ ಹೇಳಿದ ಹೆಸರುಗಳೆಲ್ಲ ಗಂಡಸರದ್ದೇ. ಜಗಲಿಯಲ್ಲಿ ಕೂತ ಅಂಧ ಹುಡುಗನಾದರೂ ಪಳ್ಳಿಗೆ ಹೋಗುವವರ ಕಣ್ಣಿಗೆ ಬೀಳುತ್ತಾನೆ. ಒಳಕೋಣೆಯಲ್ಲಿ ಕೂತ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅವಳಿಗೂ ಶಾಲೆ, ಕೋಲು ಹಿಡಿದು ನಡೆಯುವ ತರಬೇತಿ, ಅಡುಗೆ, ಮೊಬೈಲು ಎಲ್ಲ ಬೇಕು. ಜಮಾಅತ್ ಕಮಿಟಿಗಳು ಮದುವೆಗೆ ಸಹಾಯ ಮಾಡುತ್ತವೆ, ಒಳ್ಳೆಯದು. ಮಹಲ್ಲಿನಲ್ಲಿ ದೃಷ್ಟಿ ಇಲ್ಲದ ಮಕ್ಕಳು ಎಷ್ಟಿದ್ದಾರೆ, ಅವರಲ್ಲಿ ಶಾಲೆಗೆ ಹೋಗುವವರು ಎಷ್ಟು ಅಂತ ಒಂದು ಪಟ್ಟಿ ಮಾಡಲು ಹೆಚ್ಚು ಖರ್ಚಿಲ್ಲ.

ನಮ್ಮ ಚರಿತ್ರೆಯಲ್ಲಿ ಅಂಧರು ಒಂದೇ ಕಸುಬಿಗೆ ಅಂಟಿಕೊಂಡವರೂ ಅಲ್ಲ. ಈಜಿಪ್ಟಿನ ತಾಹಾ ಹುಸೈನ್ ಹಳ್ಳಿಯ ಬಡ ಮನೆಯಲ್ಲಿ ಹುಟ್ಟಿ, ಎಳವೆಯಲ್ಲೇ ಕಣ್ಣು ಕಳೆದುಕೊಂಡು, ಅಝ್‌ಹರ್‌ನಲ್ಲಿ ಓದಿ, ಮುಂದೆ ದೇಶದ ಶಿಕ್ಷಣ ಮಂತ್ರಿಯೇ ಆದರು. ಸೌದಿಯ ಗ್ರ್ಯಾಂಡ್ ಮುಫ್ತಿಯಾಗಿದ್ದ ಶೈಖ್ ಇಬ್ನ್ ಬಾಝ್ ಇಪ್ಪತ್ತರ ವಯಸ್ಸಿನಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡವರು. ಬ್ರೈಲ್ ಲಿಪಿ ಕೊಟ್ಟ ಫ್ರಾನ್ಸಿನ ಲೂಯಿ ಬ್ರೈಲ್ ಆರು ಚುಕ್ಕಿಗಳ ಆ ಲಿಪಿಯನ್ನು ರೂಪಿಸುವಾಗ ಹದಿನೈದರ ಹುಡುಗ. ಅವರೂ ಸಂಗೀತಗಾರರೇ, ಪ್ಯಾರಿಸಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು.

ಗವಾಯಿಗಳಿಗೆ ಸಿಗದ ಆ ಬ್ರೈಲ್ ಅವರ ಶಿಷ್ಯನಿಗೆ ಸಿಕ್ಕಿತು. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಪುಟ್ಟರಾಜರು ಬ್ರೈಲ್ ಕಲಿತು, ಭಗವದ್ಗೀತೆಯನ್ನು ಅದರಲ್ಲಿ ತಂದರು. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲೂ ಪುಸ್ತಕ ಬರೆದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯದ ತುಲಾಭಾರ ಮಾಡುತ್ತಿದ್ದರು, ಅದೂ ಒಂದೆರಡು ಬಾರಿಯಲ್ಲ. ಆ ನಾಣ್ಯವೆಲ್ಲ ಆಶ್ರಮದ ಮಕ್ಕಳ ಅನ್ನಕ್ಕೆ. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್ 17ರಂದು ತೀರಿಕೊಂಡರು. ಇಂದು ದೇಶವೆಲ್ಲ ಕೇಳುವ ಎಂ. ವೆಂಕಟೇಶ ಕುಮಾರ್ ಬಳ್ಳಾರಿ ಕಡೆಯಿಂದ ಬಂದು ಇದೇ ಆಶ್ರಮದಲ್ಲಿ 12 ವರ್ಷ ಇದ್ದು ಕಲಿತವರು.

ಪಂಚಾಕ್ಷರಿ ಗವಾಯಿಗಳ ಬದುಕಿನ ಮೇಲೆ 1995ರಲ್ಲಿ ಕನ್ನಡ ಸಿನಿಮಾ ಬಂತು. ಅದರ ಸಂಗೀತಕ್ಕೆ ಹಂಸಲೇಖಾ ಅವರಿಗೂ, ಹಾಡಿದ್ದಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಗವಾಯಿಗಳ ಹೆಸರು ಕರಾವಳಿಯ ಮನೆಗಳಿಗೆ ತಲುಪಿದ್ದು ಹೆಚ್ಚಾಗಿ ಆ ಹಾಡುಗಳ ಮೂಲಕ.

ಗುರುಶಿಷ್ಯ ಇಬ್ಬರ ಗದ್ದುಗೆಯೂ ಗದಗದ ಆಶ್ರಮದ ಆವರಣದಲ್ಲೇ ಇದೆ. ಅಲ್ಲಿ ಈಗ ಶಾಲೆ, ಸಂಗೀತ ಕಾಲೇಜು, ವಸತಿ ಎಲ್ಲ ಉಂಟು. ಕಣ್ಣಿಲ್ಲದವರು, ದಿಕ್ಕಿಲ್ಲದವರು ಅಂತ ನೋಡಿ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ಜಾತಿ ಧರ್ಮ ಕೇಳುವುದಿಲ್ಲ. ಊಟಕ್ಕೂ ಪಾಠಕ್ಕೂ ದುಡ್ಡಿಲ್ಲ.